ಸೈದಾಬಿಯ ಅಭಿಪ್ರಾಯ

"ಪಿಕ್ಚರ್ ಹೆಂಗಿತ್ರಿ?" ರಾಣೆಬೆನ್ನೂರಿನ ಟಾಕೀಸಿನ ಬಾಗಿಲಲ್ಲೇ ಚಾನೆಲ್ಲಿನ ಹುಡುಗಿ ಮೈಕು ಹಿಡಿದಾಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಗೂಡುಸಾಬ ಸಿಡುಕಿದ. "ಕಾಮಿಕ್ಸಿನ ಗೊಂಬಿ ಕುಣಿದ್ರ ಅದೊಂದು ಪಿಕ್ಚರಾ? ಮೊಮ್ಮಗಳ ಹಟಕ್ಕ ಬಂದೇವಿ. ಬರೇ ಹುಡುಗಾಟ!"

ಹುಡುಗಿ ಪಕ್ಕದಲ್ಲಿದ್ದ ಅವನ ಹೆಂಡತಿ ಸೈದಾಬಿಯತ್ತ ತಿರುಗಿದಳು. ಲಕ್ವ ಹೊಡೆದು ಬಾಯಿ ಸೊಟ್ಟಗಾದ ಮೇಲೆ ಸೈದಾಬಿ ಮೆಣಸಿನಕಾಯಿ ಘಾಟಿನ ನೆವ ಹೇಳಿ ಮನೆಯಲ್ಲೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳು. ಅಂದಿನಿಂದ ಗಂಡನೆದುರೂ ನಕ್ಕಿರಲಿಲ್ಲ.

"ಆಕೀನ್ನ ಕೇಳಬ್ಯಾಡ," ಗೂಡುಸಾಬ ಅಡ್ಡ ಬಂದ.

"ಸರೀರಿ ಅತ್ಲಾಗ," ಎಂದಳು ಸೈದಾಬಿ. "ಆ ಡುಮ್ಮ ಕಳ್ಳ ಕ್ವಾಣದ ಮ್ಯಾಲ ಉಲ್ಟಾ ಕುಂತು ಓಡ್ತಾನಲ್ಲವಾ, ಥೇಟ್ ನಮ್ಮನಿಯವರ ಸಿಟ್ಟಿನ ಮಾರಿ!" ಸೆರಗು ಕೈಬಿಟ್ಟು, ಸೊಟ್ಟ ಬಾಯಿ ತುಂಬ ನಕ್ಕಳು.

ಗೂಡುಸಾಬ ಮೈಕು ಕಸಿದುಕೊಂಡ. "ತಂಗೀ, ನಾ ಮೊದಲ ಅಂದದ್ದು ಅಳಿಸಿಬಿಡವಾ. ಈ ಪಿಕ್ಚರ್ ಮಾಡಿದವರ ಹೊಟ್ಟಿ ತಣ್ಣಗಿರಲಿ!"