ಅಲುಗದ ಮುಳ್ಳು

ಸೊಸೆ ಲೇತಿನಲ್ಲಿ ಶಾಫ್ಟನ್ನು ಕಚ್ಚಿ ಹಿಡಿಯುವ ಚಕ್ಕಿನ ನಾಲ್ಕನೆಯ ಹಲ್ಲನ್ನು ಕೂದಲೆಳೆಯಷ್ಟು ಬಿಗಿ ಮಾಡಿ, ಶಾಫ್ಟಿಗೆ ತಾಗಿಸಿಟ್ಟ ಡಯಲ್‌ನತ್ತ ನೋಡಿದಳು. ಲೇತಿನ ಪಕ್ಕದಲ್ಲೇ ಮಾವ ನಿಂತಿದ್ದರು. ಅರ್ಧ ಕೆಲಸವಾಗಿದ್ದ ಶಾಫ್ಟನ್ನು ಗಿರಾಕಿಗೆ ತೋರಿಸುವ ಉಮೇದಿನಲ್ಲಿ ಮೂರು ಹಲ್ಲಿನ ಚಕ್ಕಿನಿಂದ ಬಿಚ್ಚಿದ್ದವರು ಅವರೇ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಅದೇ ನಡುವಿಗೆ ಕೂರಿಸುವುದು ಆ ಚಕ್ಕಿನಿಂದಾಗದು. ಮತ್ತೆ ಹಿಡಿಸಿ ತಿರುಗಿಸಿದರೆ ನಡು ತಪ್ಪಿದ್ದಕ್ಕೆ ಡಯಲ್‌ನ ಮುಳ್ಳು ಎಂಟು ಗೆರೆ ಕುಣಿದಿತ್ತು. ಹಾಗೇ ಕಡೆದಿದ್ದರೆ ಶಾಫ್ಟು ಗುಜರಿಗೆ. ಅದಕ್ಕೇ ಅವಳು ಅದನ್ನು ಕಳಚಿ ನಾಲ್ಕು ಹಲ್ಲಿನ ಚಕ್ಕು ಹಾಕಿದ್ದಳು.

“ಆ ಚಕ್ಕಲ್ಲಾದ್ರೆ ಮೂರು ಹಲ್ಲೂ ಒಟ್ಟಿಗೆ ಬರ್ತವೆ,” ಎಂದರು ಮಾವ. “ ಈ ನಾಲ್ಕರದ್ದು ಒಂದೊಂದು ದಾರಿ. ನನಗೇ ಅರ್ಧ ದಿನ ಬೇಕು, ನಿನ್ ಕೈಲಾಗುತ್ತೇನಮ್ಮ? ಇದು ಕೆಟ್ರೆ ನಾಳೆಯಿಂದ ನೀನು ಲೇತ್ ಮುಟ್ಟೋ ಹಾಗಿಲ್ಲ, ನೋಡು.”

“ನಮ್ಮನೇಲಿ ನಾಲ್ಕು ಜನಾನೂ ಹಾಗೇ ಅಲ್ವಾ ಮಾವ? ಒಬ್ರನ್ನ ಸಡಿಲ ಬಿಟ್ಟು, ಎದುರಿನವ್ರನ್ನ ಬಿಗಿ ಮಾಡಿ, ಹತ್ತು ವರ್ಷದಿಂದ ಸಂಭಾಳಿಸ್ತಿದೀನಿ,” ಎಂದು ಅವಳು ಚಕ್ಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಳು.

ಮುಳ್ಳು ಅಲುಗಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದರೂ ಅಲುಗಲಿಲ್ಲ. “ಡಯಲ್ ಕೆಟ್ಟಿರಬೇಕು,” ಎಂದು ಮಾವ ಬಗ್ಗಿ ಗಾಜಿನ ಮೇಲೆ ಬೆರಳಿನಿಂದ ತಟ್ಟಿದರು. ಮುಳ್ಳು ಬೆಚ್ಚಿಬಿದ್ದಂತೆ ನಡುಗಿ, ಮತ್ತೆ ಅದೇ ಗೆರೆಯ ಮೇಲೆ ಬಂದು ಕೂತಿತು. ಅವಳಿಗೆ ನಗು ತಡೆಯಲಾಗಲಿಲ್ಲ. ನೋಡನೋಡುತ್ತ ಅವರಿಗೂ ನಗು ಬಂತು. ಅವಳು ರೂಢಿಯಂತೆ ಚಕ್ ಕೀಯನ್ನು ಅವರತ್ತ ಚಾಚಿದಳು. ಹಲ್ಲು ಬಿಗಿದು ಮುಗಿದೊಡನೆ ಆ ಕೀ ಅವರ ಜೇಬು ಸೇರಲೇಬೇಕೆಂಬುದು ಆ ವರ್ಕ್‌ಶಾಪಿನ ಹಳೆಯ ಕಾನೂನು.

ಮಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. “ಇನ್ಮೇಲೆ ಅದು ನಿನ್ ಹತ್ರಾನೇ ಇರ್ಲಿ. ನನ್ ಕೈಗೆ ಸಿಕ್ಕಿದ್ರೆ ಈ ಶಾಫ್ಟನ್ನ ಮತ್ತೆ ಯಾರಿಗಾದ್ರೂ ತೋರ್ಸೋಕೆ ಬಿಚ್ಚಿಬಿಡ್ತೀನಿ!”