ಕೈಗುಣ

ಪರದೆಯ ಮೇಲೆ ಚುಕ್ಕೆಗಳ ಗುಡ್ಡೆ ಬೆಳೆಯುತ್ತಿತ್ತು. ಔಷಧಿ ಪರೀಕ್ಷೆಗೆ ಬಂದ ರೋಗಿಗಳಲ್ಲಿ ಯಾರಿಗೆ ಹೊಸ ಔಷಧಿಯ ಡಬ್ಬಿ, ಯಾರಿಗೆ ಹೋಲಿಕೆಗೆಂದು ಬರೀ ಹಿಟ್ಟಿನ ಮಾತ್ರೆಯ ಡಬ್ಬಿ ಎಂಬುದನ್ನು ಸಾಫ್ಟ್‌ವೇರ್ ಇಸ್ಪೀಟೆಲೆಯಂತೆ ಮತ್ತೆ ಮತ್ತೆ ಕಲೆಸಿ, ಪ್ರತಿ ಸಲವೂ ಎರಡು ಗುಂಪಿನವರ ಆಯುಸ್ಸಿನ ಅಂತರಕ್ಕೆ ಒಂದು ಚುಕ್ಕೆ ಪೇರಿಸುತ್ತಿತ್ತು.

"ನಡುವೆ ಬರೋದು ಬಿಟ್ಟವರನ್ನ ಏನ್ ಮಾಡಿದ್ರಿ?" ಡಾಕ್ಟರು ಕೇಳಿದರು.

"ಕೊನೇ ಸಲ ಕಂಡ ದಿನದವರೆಗೆ ಬದುಕಿದ್ರು ಅನ್ನೋದಷ್ಟೇ ನಮಗೆ ಗೊತ್ತು ಸರ್. ಅಷ್ಟನ್ನೇ ಲೆಕ್ಕಕ್ಕೆ ತಗೊಂಡಿದೀನಿ," ಎಂದಳು ಅಂಕಿಅಂಶ ತಜ್ಞೆ. "ಔಷಧಿ ಕೆಲಸ ಮಾಡದೇ ಇದ್ರೂ ಬರೀ ಅದೃಷ್ಟದಿಂದ ಬರೋ ಅಂತರಗಳು ಈ ಗುಡ್ಡೆ. ನಿಜವಾಗಿ ಬಂದ ಅಂತರ ಈಗ ಕೆಂಪು ಗೆರೆಯಾಗಿ ಬರುತ್ತೆ. ಅದು ಗುಡ್ಡೆಯಿಂದ ದೂರ ನಿಂತ್ರೆ ಔಷಧಿ ಗೆದ್ದ ಹಾಗೆ."

ಬಾಗಿಲ ಬಳಿ ನಿಂತಿದ್ದ ನರ್ಸ್ ಪರದೆಯತ್ತ ಒಂದು ಹೆಜ್ಜೆ ಬಂದಳು. ಯಾವುದರಲ್ಲಿ ಏನಿದೆ ಎಂದು ತಿಳಿಯದೆಯೇ ಡಬ್ಬಿಗಳನ್ನೆಲ್ಲ ಹಂಚಿದ್ದು ಅವಳೇ. "ನಿನ್ನ ಕೈಗುಣ ಚೆನ್ನಾಗಿದೆ ಕಣೇ, ನೀನೇ ಕೊಡು," ಎಂದು ಅಂಗೈ ಒಡ್ಡಿದ್ದ ಅಣ್ಣನಿಗೆ ಸಿಕ್ಕಿದ್ದು ಹಿಟ್ಟಿನ ಡಬ್ಬಿ ಎಂದು ತಿಳಿದದ್ದು ಅವನು ತೀರಿಹೋದ ಮೇಲೆ. ಅಂದಿನಿಂದ ಅವಳು ಯಾರ ಕೈಗೂ ಮಾತ್ರೆ ಕೊಟ್ಟವಳಲ್ಲ. ಮೇಜಿನ ಮೇಲಿಟ್ಟು ಸರಿದುಬಿಡುತ್ತಿದ್ದಳು.

ಕೆಂಪು ಗೆರೆ ಗುಡ್ಡೆಯ ನಟ್ಟನಡುವೆ ಬಂದು ನಿಂತಿತು.

"ಅಂದ್ರೆ?" ನರ್ಸ್ ಕೇಳಿದಳು.

"ಈ ಡಬ್ಬಿಗೂ ಆ ಡಬ್ಬಿಗೂ ಏನೂ ವ್ಯತ್ಯಾಸ ಕಾಣ್ತಿಲ್ಲ ಅಕ್ಕಾ."

ವರ್ಷಗಟ್ಟಲೆ ಆ ಔಷಧಿಯನ್ನೇ ನೆಚ್ಚಿಕೊಂಡಿದ್ದ ಡಾಕ್ಟರು ಕುರ್ಚಿಯಲ್ಲಿ ಕುಸಿದರು. "ಸಿಸ್ಟರ್, ತಲೆ ಸಿಡೀತಿದೆ. ಒಂದು ಮಾತ್ರೆ ಕೊಡಿ."

ಅವಳು ತಂದಳು. ರೂಢಿಯಂತೆ ಕೈ ಮೇಜಿನತ್ತ ಹೋಗಿ, ಅರ್ಧದಲ್ಲೇ ನಿಂತಿತು. ಆಮೇಲೆ ಅವರ ಅಂಗೈ ಬಿಡಿಸಿ, ಮಾತ್ರೆಯನ್ನು ಅದರ ನಡುವೆ ಇಟ್ಟಳು.