ಬಿಚ್ಚಿದಷ್ಟೂ ಮುಗಿಯದ ಡ್ಯಾಶ್‌ಬೋರ್ಡು

ಗಡಹಿಂಗ್ಲಜದಲ್ಲಿ ಹೆಂಡತಿಯ ತಮ್ಮ ದಾದಾಸಾಹೇಬನ ಮನೆ ಮುಂದೆ ಅಂಬಾಸಿಡರ್ ನಿಲ್ಲಿಸಿ, ಬಸಗೊಂಡ ಡ್ಯಾಶ್‌ಬೋರ್ಡಿನ ಸಾಮಾನಿಡುವ ಖಣಕ್ಕೆ ಕೈ ಹಾಕಿದ. ಲಿಂಗ ಇರಲಿಲ್ಲ.

ಸಂಕೇಶ್ವರ ದಾಟಿದ ಮೇಲೆ ಅವನ ಕೊರಳಿನ ಶಿವದಾರ ಹರಿದಿತ್ತು. ಗಾಡಿ ನಿಲ್ಲಿಸಿ ಬೇರೆ ದಾರ ಕಟ್ಟೋಣವೆಂದರೆ ಊಟದ ಮೊದಲ ಪಂಕ್ತಿ ತಪ್ಪೀತೆಂಬ ಅವಸರ. ಅಂಗಿಯ ಕಿಸೆಯಲ್ಲಿಡೋಣವೆಂದರೆ ಅಲ್ಲಿ ತಂಬಾಕಿನ ಚೀಲ. ಪಕ್ಕದಲ್ಲಿ ಕೂತ ಸುಶೀಲಾಬಾಯಿಯ ಕೈಗೆ ಕೊಡೋಣವೆಂದರೆ ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟುವಂತಿಲ್ಲ, ಹೆಂಡತಿಯಾದರೂ ಅಷ್ಟೆ. ಹೀಗಾಗಿ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಖಣದಲ್ಲಿಟ್ಟಿದ್ದ. ರಸ್ತೆಯ ತಗ್ಗು ದಿನ್ನೆಗೆ ಅದು ಹಿಂದಕ್ಕೆ ಜಾರಿ ಡ್ಯಾಶ್‌ಬೋರ್ಡಿನ ಹೊಟ್ಟೆ ಸೇರಿತ್ತು.

ಒಳಗೆ ದಾದಾಸಾಹೇಬನ ಮಗಳ ನಿಶ್ಚಯದ ಊಟ. ಹೋಳಿಗೆಯ ವಾಸನೆ ಅಂಗಳ ದಾಟಿ ಕಾರಿನವರೆಗೂ ಬಂದಿತ್ತು. ಆದರೆ ಮೈಮೇಲೆ ಲಿಂಗವಿಲ್ಲದೆ ಹನಿ ನೀರನ್ನೂ ನುಂಗುವಂತಿಲ್ಲ. ಶಹಾಪುರದ ಈ ಪವರ್‌ಲೂಮ್ ಸಾವುಕಾರ ಉಳಿದ ಎಷ್ಟೋ ನೇಮಗಳನ್ನು ತನಗೆ ಬೇಕಾದಂತೆ ಬಗ್ಗಿಸಿಕೊಂಡವನು, ಇದೊಂದನ್ನು ಮಾತ್ರ ಎಂದೂ ಮುರಿದವನಲ್ಲ.

ಓಣಿಯ ಮೂಲೆಯ ಗ್ಯಾರೇಜಿನಿಂದ ಮಲ್ಲಾರಿಯನ್ನು ಕರೆಸಿದರು. ಅವನು ಬಾನೆಟ್ ಎತ್ತಿದ್ದೇ ಬಸಗೊಂಡ ಉರಿದುಬಿದ್ದ.

"ಏ, ಲಿಂಗ ಇಲ್ಲಿ ಒಳಗೈತಿ! ಅಲ್ಲೇನ್ ಹುಡಕಾಕತ್ತಿ?"

"ಮೊದಲ ಬ್ಯಾಟರಿ ವಾಯರ್ ಬಿಚ್ಚಬೇಕ್ರಿ ಸಾವ್ಕಾರ್ರ. ಇಲ್ಲಂದ್ರ ಪಾನಾ ತಾಗಿ ಕಿಡಿ ಹಾರತೈತಿ. ಲಿಂಗಾನೂ ಸುಡತೈತಿ, ಗಾಡೀನೂ ಸುಡತೈತಿ."

ಬಸಗೊಂಡ ಹೋಗಿ ಮನೆಯ ಕಟ್ಟೆಯ ಮೇಲೆ ಕೂತ. ಮಲ್ಲಾರಿ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಟ್ಟ. ಸ್ಪೀಡೋಮೀಟರಿನ ಹಿಂದೆ, ವಾಯರುಗಳ ಗೊಂಚಲಿನಲ್ಲಿ ಕರಡಿಗೆ ಸಿಕ್ಕಿಕೊಂಡಿತ್ತು. ಅವನು ಲಿಂಗ ಕಟ್ಟದ ಧನಗರರವನು, ಆದರೂ ಸಾವುಕಾರರ ಲಿಂಗ ಮುಟ್ಟಬಾರದೆಂದು ಅವನಿಗೂ ಗೊತ್ತು. ಹೊರಗೆ ನಿಂತಿದ್ದ ಸುಶೀಲಾಬಾಯಿಗೆ ಮೆಲ್ಲಗೆ ಹೇಳಿದ:

"ಸಿಕ್ತರಿ ಅಕ್ಕಾರ. ಮೀಟರಿನ ಎರಡ ಸ್ಕ್ರೂ ಬಿಚ್ಚಿದ್ರ ಸಾವ್ಕಾರ್ರ ಕೈ ಆರಾಮ ಹೋಗತೈತಿ. ಕರೀಲೇನ್ರಿ?"

ಸುಶೀಲಾಬಾಯಿ ಕಟ್ಟೆಯ ಕಡೆ ನೋಡಿದಳು. ಗಂಡನ ಬಲಗಾಲಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಚಪ್ಪಲಿಯಿಂದ ಹೊರಗೆ ಚಾಚಿತ್ತು. ದೀಪಾವಳಿಗೆ ಆದ ಹುಣ್ಣು, ಯುಗಾದಿ ಬಂದರೂ ಮಾಯ್ದಿರಲಿಲ್ಲ.

"ಕರೀಬ್ಯಾಡ," ಎಂದಳು. "ತಮ್ಮಾ, ಅವರಿಗೆ ಸಕ್ಕರಿ ಬ್ಯಾನಿ ಐತಿ. ಇನ್ನ ಸಿಹಿ ತಿಂದ್ರ ಕಾಲ ತಗೀಬೇಕಾಗತೈತಿ ಅಂತ ಡಾಕ್ಟರ್ ಹೇಳ್ಯಾರ. ಇವರು ಹೂಂ ಹೂಂ ಅಂದು, ದವಾಖಾನಿ ಎದುರಗಡೇನ ಪೇಢೆ ತಗೊಂಡ್ರು. ನನಗ ಭಾಳ ಅಂಜಿಕಿ ಆಗೈತೋ."

ಅವಳ ಕಣ್ಣಲ್ಲಿ ನೀರಿತ್ತು. ಮಲ್ಲಾರಿ ಆ ನೀರನ್ನೂ ನೋಡಿದ, ಕಾರನ್ನೂ ನೋಡಿದ.

"ಹಂಗಾದ್ರ ಇದು ದೊಡ್ಡ ಕೆಲಸ ಐತ್ರಿ," ಎಂದು ಕಟ್ಟೆಗೆ ಕೇಳುವಂತೆ ಕೂಗಿದ. "ಪೂರಾ ಡ್ಯಾಶ್‌ಬೋರ್ಡನ ಇಳಸಬೇಕು!"

ಆಮೇಲೆ ಅವನು ಮಾಡಿದ್ದು ಕೆಲಸವಲ್ಲ, ಪೂಜೆ. ಮೊದಲು ಸ್ಟೇರಿಂಗಿಗೆ ಬಟ್ಟೆ ಸುತ್ತಿದ. ವಾಯರೊಂದೊಂದಕ್ಕೂ ಗುರುತಿನ ದಾರ ಕಟ್ಟಿದ. ಬಿಚ್ಚಿದ ಸ್ಕ್ರೂಗಳನ್ನು ತಾಟಿನಲ್ಲಿ ಸಾಲಾಗಿಟ್ಟು, ಒಂದೊಂದನ್ನೂ ಸೀಮೆ ಎಣ್ಣೆಯಲ್ಲಿ ತೊಳೆದ. ಒಂದು ಸ್ಕ್ರೂ ಉರುಳಿಹೋಯಿತೆಂದು ಸೀಟು ಕಿತ್ತು ಹುಡುಕಿದ, ಅದು ಅವನ ಕಿವಿಯ ಸಂದಿಯಲ್ಲೇ ಇತ್ತು.

"ಏ ಮಲ್ಲಾರಿ, ಲೌಕರ್ ಮಾಡೋ! ಪಂಕ್ತಿ ಏಳಾಕತ್ತೇತಿ!"

"ಅವಸರ ಮಾಡಿದ್ರ ವಾಯರ್ ಹರೀತಾವ್ರಿ. ಆಮ್ಯಾಗ ಇಚಲಕರಂಜಿ ಗ್ಯಾರೇಜಿಗೆ ಎತ್ತ ಕಟ್ಟಿ ಎಳಕೊಂಡ ಹೋಗಬೇಕಾಗತೈತಿ."

ದಾದಾಸಾಹೇಬ ಹೊರಗೆ ಬಂದು ಭಾವನಿಗೆ, "ದಾಜಿ, ಪೈಲಾ ಪಂಕ್ತಿ ಆತರಿ," ಎಂದ. ಇನ್ನೊಮ್ಮೆ ಬಂದು, "ದುಸರಾನೂ ಆತರಿ," ಎಂದ. ಪ್ರತಿ ಸಲವೂ ಅವನ ಮೀಸೆಗೆ ತುಪ್ಪ ಹತ್ತಿರುತ್ತಿತ್ತು. ಬಸಗೊಂಡ ಉಗುಳು ನುಂಗಲೂ ಹೆದರಿ ಮುಖ ತಿರುಗಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಅವನು ಎಷ್ಟೋ ಸಲ ಆಡಿದ್ದ, ಅನುಭವಿಸಿದ್ದು ಅಂದೇ.

ಕಡೆಗೂ ಡ್ಯಾಶ್‌ಬೋರ್ಡು ಅಂಗಳದ ಚಾಪೆಯ ಮೇಲೆ ಮಲಗಿತು. ಬಸಗೊಂಡ ಭುಜದವರೆಗೆ ಕೈ ತೂರಿಸಿ ಕರಡಿಗೆ ತೆಗೆದು, ಎದೆಗೊತ್ತಿಕೊಂಡು ಚಿಕ್ಕ ಮಗುವಿನಂತೆ ಅತ್ತ. ಕಾಲು ತೊಳೆದು, ಹೊಸ ದಾರ ಕಟ್ಟಿಕೊಂಡು, ಲಿಂಗಪೂಜೆ ಮುಗಿಸಿ ಎಲೆಯ ಮುಂದೆ ಕೂತ. ಎಲೆಗೆ ಬಂದದ್ದು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕಟ್ಟಿನ ಸಾರು.

"ಹೋಳಿಗಿ?"

"ಮುಗದ್ವರಿ," ಎಂದಳು ಸುಶೀಲಾಬಾಯಿ. ಗಂಡನಿಗೆಂದು ದಾದಾಸಾಹೇಬ ತೆಗೆದಿರಿಸಿದ್ದ ಹೋಳಿಗೆಗಳನ್ನು, ಚಂದಗಡದ ಬಸ್ಸಿಗೆ ಹೊರಟ ಗಂಡಿನ ಕಡೆಯ ಮಕ್ಕಳಿಗೆ ಅವಳೇ ಕಟ್ಟಿಕೊಟ್ಟಿದ್ದಳು. ಎರಡನ್ನು ಮಾತ್ರ ಸೆರಗಿನ ಮರೆಯಲ್ಲಿ ಹೊರಗೆ ತಂದಳು, ಮಲ್ಲಾರಿಗೆ.

ಅವನು ಆಗಲೇ ಎಲ್ಲವನ್ನೂ ಮರಳಿ ಕೂರಿಸುತ್ತಿದ್ದ. ಈಗ ಅವನ ಕೈ ಎಷ್ಟು ಚುರುಕಾಗಿತ್ತೆಂದರೆ, ಬಸಗೊಂಡ ಕಂಡಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದ. ಬ್ಯಾಟರಿ ಜೋಡಿಸಿ, ಹಾರ್ನ್ ಒತ್ತಿ ನೋಡಿ, ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ.

"ಅಕ್ಕಾರ, ಖಣದ ಹಿಂದ ಇಷ್ಟಗಲ ತೂತ ಬಿದ್ದೈತ್ರಿ. ಅಲ್ಲಿಂದನ ಲಿಂಗ ಜಾರೇತಿ. ಒಂದು ತಗಡ ಬಡದು ಮುಚ್ಚಿಬಿಡ್ಲೇನ್ರಿ?"

ಸುಶೀಲಾಬಾಯಿ ಎರಡೂ ಕೈ ಜೋಡಿಸಿ, "ಶಿವನ, ತಪ್ಪ ಹೊಟ್ಟ್ಯಾಗ ಹಾಕ್ಕೊ," ಎಂದಳು. ಒಳಗಿನಿಂದ ಗಂಡ ಸಾರು ಸೊರ್ರನೆ ಸುರಿಯುವ ಸದ್ದು ಕೇಳುತ್ತಿತ್ತು.

"ಬ್ಯಾಡಪಾ, ಹಂಗ ಇರ್ಲಿ," ಎಂದಳು. "ಡಾಕ್ಟರ್ ಮಾತಂತೂ ಕೇಳೂದಿಲ್ಲ, ದೇವರ ಮಾತಿಗರ ಅಂಜತಾರ. ಶಿವದಾರ ಹರಿಯೂದೇನ ದೊಡ್ಡ ಮಾತಲ್ಲ. ಬರೂ ವಾರ ಕೊಲ್ಲಾಪುರದಾಗ ಮದವಿ ಊಟ ಐತಿ."